ಮಾಳಿಗೆ ಲೆಕ್ಕದ ಭಾನುವಾರಗಳು

ಭಿನ್ನರಾಶಿಯ ತಲೆ ಮೇಲೆ ಇನ್ನೊಂದು ಭಿನ್ನರಾಶಿ ಕೂತಿರುವ ಕಡೆ ಏನಾದರೊಂದು ನಡೆದೇ ನಡೆಯುತ್ತದೆ. ನರಸಿಂಹರಾಜಪುರದಲ್ಲಿ ಗಣಿತ ಮೇಷ್ಟ್ರಾಗಿದ್ದಾಗಲೂ ನಡೆಯಿತು, ಶೃಂಗೇರಿಗೆ ವರ್ಗವಾದ ಮೇಲೂ ನಡೆಯಿತು. ನಿವೃತ್ತನಾಗಿ ಕೊಪ್ಪದಲ್ಲಿ ಮನೆ ಮಾಡಿದ ಮೇಲಾದರೂ ನಿಲ್ಲುತ್ತದೆ ಎಂದುಕೊಂಡಿದ್ದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದವರಿಗೆ ಭಾನುವಾರ ಪಾಠ ಹೇಳಿಕೊಡುತ್ತೇನೆ ಎಂದು ಬಾಯಿ ತಪ್ಪಿ ಒಪ್ಪಿಕೊಂಡೆ. ಅಲ್ಲಿಂದ ಅದು ನಮ್ಮ ಮನೆ ಜಗಲಿಗೇ ಬಂದು ಕೂತಿತು.

ಈ ಲೆಕ್ಕಕ್ಕೆ ನಾನು ಇಟ್ಟ ಹೆಸರು ಮಾಳಿಗೆ ಲೆಕ್ಕ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಆವರಣ, ಎಲ್ಲವೂ ಅದರೊಳಗೇ ಇರುತ್ತವೆ. ಇದೊಂದು ಬಂದವರಿಗೆ ಉಳಿದದ್ದೆಲ್ಲ ಬರುತ್ತದೆ ಎಂಬುದು ನನ್ನ ಸಿದ್ಧಾಂತ. ನನ್ನ ಹೆಂಡತಿ ಅದಕ್ಕೆ ಹಟ ಎನ್ನುತ್ತಾಳೆ.

ಯಾರು ಮಾಡಿಟ್ಟಿದ್ದು

ಮೊದಲ ಭಾನುವಾರ ಮೇಗುಂದದ ಕಡೆಯಿಂದ ಒಬ್ಬ ಹೆಂಗಸು ಗಂಡನ ಬೈಕಿನಲ್ಲಿ ಬಂದಿಳಿದಳು. ನಲವತ್ತರ ಆಸುಪಾಸು. ತೋಟದ ಕೆಲಸಕ್ಕೆ ಹೋಗುವವಳು. ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿ ಇತ್ತು. ಊರಲ್ಲಿ ಬೇರೆ ಯಾರೂ ಅರ್ಜಿ ಹಾಕುವವರಿರಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಉಳಿದ ವಿಷಯಗಳನ್ನು ಹುಡುಗಿಯಾಗಿದ್ದಾಗಲೇ ಮುಗಿಸಿದ್ದಳು, ಗಣಿತ ಮಾತ್ರ ಅಂದಿನಿಂದ ಹಾಗೇ ಬಿದ್ದಿತ್ತು.

"ಇದೊಂದು ದಾಟಿಸಿಕೊಡಿ ಸಾರ್. ಬಿಸಿಲಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಗಿದೆ. ಅಂಗನವಾಡೀಲಿ ನೆರಳಾದ್ರೂ ಇರ್ತದೆ" ಎಂದಳು.

ಆ ಮಾತು ನನಗೆ ನಾಟಿತು. ಇವಳನ್ನು ಪಾಸು ಮಾಡಿಸದೆ ಬಿಡುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಉತ್ಸಾಹದಲ್ಲಿ ಬೋರ್ಡಿನ ಮೇಲೆ ಮೂರು ಅಂತಸ್ತಿನ ಒಂದು ಭಿನ್ನರಾಶಿ ಬರೆದು, "ಇದನ್ನು ಸರಳ ಮಾಡಬೇಕು" ಎಂದೆ.

ಅವಳು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು.

"ಇದನ್ನ ಹೀಂಗೆ ಮಾಡಿಟ್ಟಿದ್ದು ಯಾರು ಸಾರ್?"

"ಪುಸ್ತಕ ಬರೆದವರು."

"ಅವರ ಹತ್ರಾನೇ ಸರಿ ಮಾಡ್ಸಕ್ಕಾಗಲ್ವಾ?"

ಮುಯ್ಯಾಳು

ಒಂದು ವಾರ ಮೇಲೆ ಎಕ್ಸ್ ಪ್ಲಸ್ ಮೂರು, ಕೆಳಗೆ ಎಕ್ಸ್ ಪ್ಲಸ್ ಐದು ಬರೆದುಕೊಟ್ಟೆ. ಅದಕ್ಕಿಂತ ಸರಳವಾಗುವುದಿಲ್ಲ, ಹಾಗೇ ಬಿಡಬೇಕು. ಅವಳು ಮೇಲಿನ ಎಕ್ಸನ್ನು ಹೊಡೆದಳು, ಕೆಳಗಿನ ಎಕ್ಸನ್ನೂ ಹೊಡೆದಳು, ಐದನೇ ಮೂರು ಎಂದು ಬರೆದು ಪೆನ್ನು ಕೆಳಗಿಟ್ಟಳು.

ಈ ತಪ್ಪನ್ನು ನಾನು ಮೂರು ತಾಲೂಕಿನಲ್ಲೂ ನೋಡಿದ್ದೇನೆ. ಆದರೆ ಕಾರಣ ಹೇಳಿದವರು ಯಾರೂ ಇರಲಿಲ್ಲ. ಇವಳು ಹೇಳಿದಳು.

"ಮುಯ್ಯಾಳಲ್ವಾ ಸಾರ್. ನಾಟಿಗೆ ಅವರ ಮನೆಯಿಂದ ಒಬ್ರು ನಮ್ಮಲ್ಲಿಗೆ ಬಂದ್ರು, ನಮ್ಮ ಮನೆಯಿಂದ ಒಬ್ರು ಅವರಲ್ಲಿಗೆ ಹೋದ್ರು. ಮುಯ್ಯಿ ತೀರ್ತು. ಇಲ್ಲೂ ಮೇಲೆ ಒಬ್ಬ ಎಕ್ಸು, ಕೆಳಗೆ ಒಬ್ಬ ಎಕ್ಸು."

ನಾನು ತಾಳ್ಮೆಯಿಂದಲೇ ವಿವರಿಸಿದೆ. ಎಕ್ಸ್ ಒಂಟಿಯಾಗಿಲ್ಲ, ಪ್ಲಸ್ ಚಿಹ್ನೆಯಿಂದ ಮೂರರ ಜೊತೆ ಕಟ್ಟಿಹಾಕಿದೆ. ಕರೆದರೆ ಮನೆಯವರನ್ನೆಲ್ಲ ಒಟ್ಟಿಗೆ ಕರೆಯಬೇಕು, ಇಲ್ಲವಾದರೆ ಯಾರನ್ನೂ ಕರೆಯಬಾರದು.

"ಒಬ್ಬನ್ನ ಕರೆದ್ರೆ ಆ ಮೂರೂ ಹಿಂದೆ ಬರ್ತಾವಾ?"

"ಬರುತ್ತವೆ."

"ಹಂಗಾರೆ ಮಧ್ಯಾಹ್ನದ ಊಟ ಯಾರ ಮನೇದು?"

ಮೂವತ್ತು ವರ್ಷದ ಸರ್ವಿಸಿನಲ್ಲಿ ಈ ಪ್ರಶ್ನೆಗೆ ನಾನು ತಯಾರಿ ಮಾಡಿಕೊಂಡಿರಲಿಲ್ಲ. ಅವಳ ಮನೇದು ಎಂದೆ. ಅಂದಿನಿಂದ ಅವಳು ಪ್ಲಸ್ ಇರುವ ಕಡೆ ಯಾರನ್ನೂ ಹೊಡೆಯಲಿಲ್ಲ. ಅಕ್ಕಿಗೆ ಈಗ ರೇಟು ಬಹಳ ಎಂದಳು.

ನಮ್ಮ ಕಡೆಯ ಪದ್ಧತಿ

ಯಾವ ಕ್ರಿಯೆ ಮೊದಲು, ಯಾವುದು ಆಮೇಲೆ ಎಂಬುದು ಯಾರ ತಲೆಗೂ ಹತ್ತುತ್ತಿರಲಿಲ್ಲ. ಊಟದ ಎಲೆಯ ಉದಾಹರಣೆ ಕೊಟ್ಟರೆ ಮರೆಯುವುದಿಲ್ಲ ಎಂದು ನನಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು.

"ಮೊದಲು ಆವರಣ. ಅದು ಎಲೆಯ ತುದಿಗೆ ಬೀಳುವ ಉಪ್ಪು, ಉಪ್ಪಿನಕಾಯಿ ಇದ್ದ ಹಾಗೆ. ಆಮೇಲೆ ಭಾಗಾಕಾರ, ಗುಣಾಕಾರ. ಅದು ಅನ್ನ, ಸಾರು. ಕೊನೆಗೆ ಕೂಡುವುದು, ಕಳೆಯುವುದು. ಅದು ಮಜ್ಜಿಗೆ. ಮಜ್ಜಿಗೆಯನ್ನು ಯಾರಾದರೂ ಮೊದಲು ಬಡಿಸುತ್ತಾರಾ?"

ಸಿರಿಮನೆ ಕಡೆಯ ಒಬ್ಬ ಯುವಕ ಪಾಠಕ್ಕೆ ಬರುತ್ತಿದ್ದ. ಮದುವೆ ಮನೆಗಳಿಗೆ ಅಡುಗೆಯವರ ಜೊತೆ ಬಡಿಸಲು ಹೋಗುವುದು ಅವನ ಕೆಲಸ. ಅವನು ಕೈ ಎತ್ತಿದ.

"ಪಾಯಸ ಎಲ್ಲಿ ಬರ್ತದೆ ಸಾರ್?"

"ಪಾಯಸ ಈ ಲೆಕ್ಕದಲ್ಲಿ ಇಲ್ಲ."

"ಪಾಯಸ ಇಲ್ದೆ ಎಂತ ಊಟ? ನಮ್ಮಲ್ಲಿ ಸಾರಾದ ಮೇಲೆ ಪಾಯಸ."

ಮೇಗುಂದದವಳು ಸುಮ್ಮನಿರಲಿಲ್ಲ. "ನಮ್ಮಲ್ಲಿ ಎಲೆ ಹಾಕಿದ ಕೂಡ್ಲೆ ತುದಿಗೆ ಒಂಚೂರು ಪಾಯಸ. ಅದಿಲ್ದೆ ಯಾರೂ ಕೈ ಹಾಕಲ್ಲ."

ಪಾಠ ಅಲ್ಲಿಗೆ ನಿಂತಿತು. ಪಾಯಸ ಸಾರಿಗಿಂತ ಮೊದಲೋ ಆಮೇಲೋ ಎಂದು ಉಳಿದವರೂ ಸೇರಿಕೊಂಡರು. ತೀರ್ಪು ಕೇಳಲು ನನ್ನ ಹೆಂಡತಿಯನ್ನು ಒಳಗಿನಿಂದ ಕರೆಸಿದರು. ಅವಳ ತವರಿನಲ್ಲಿ ಮೂರನೆಯದೇ ಒಂದು ಕ್ರಮವಿತ್ತು. ನನಗೆ ಸಿಟ್ಟು ಬಂದು ಚಾಕ್ ಪೀಸ್ ಕೆಳಗಿಟ್ಟು ಕೂತೆ. ಯಾರೂ ಗಮನಿಸಲಿಲ್ಲ.

ಮುಂದಿನ ವಾರದ ಟೆಸ್ಟಿನಲ್ಲಿ ಆ ಯುವಕ ಗುಣಾಕಾರವನ್ನು ಮೊದಲು ಮಾಡಿ, ಆವರಣವನ್ನು ನಡುವೆ ಎಲ್ಲೋ ಬಿಡಿಸಿದ್ದ. ಉತ್ತರ ಪೂರ್ತಿ ತಪ್ಪು. ಅದರ ಕೆಳಗೆ ಅಚ್ಚುಕಟ್ಟಾಗಿ ಒಂದು ಸಾಲು ಬರೆದಿದ್ದ: "ನಮ್ಮ ಕಡೆಯ ಪದ್ಧತಿಯಂತೆ ಮಾಡಲಾಗಿದೆ."

ಲೋಡು

ಮೇಗುಂದದವಳ ಗಂಡ ಬಾಡಿಗೆ ಪಿಕಪ್ ಓಡಿಸುವವನು. ಭಾನುವಾರ ಬಾಡಿಗೆ ಇಲ್ಲದಾಗ ಹೆಂಡತಿಯನ್ನು ಬೈಕಿನಲ್ಲಿ ತಂದು ಬಿಟ್ಟು, ಜಗಲಿಯ ತುದಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದ. ಪಾಠಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ರಸ್ತೆ ನೋಡುತ್ತಿದ್ದ.

ಒಂದು ಭಾನುವಾರ ಬೋರ್ಡಿನ ಮೇಲೆ ಒಂದು ಪ್ಲಸ್ ಇತ್ತು, ಅದರ ಪಕ್ಕ ಒಂದು ಭಿನ್ನರಾಶಿ, ಅದರ ಕೆಳಗಿನ ಮನೆಯಲ್ಲಿ ಮತ್ತೆ ಒಂದು ಪ್ಲಸ್, ಅದರ ಪಕ್ಕ ಇನ್ನೊಂದು ಭಿನ್ನರಾಶಿ. "ಇಂಥದ್ದನ್ನು ಯಾವಾಗಲೂ ಅಡಿಯಿಂದ ಬಿಡಿಸುತ್ತಾ ಮೇಲೆ ಬರಬೇಕು" ಎಂದೆ.

ಗಂಡ ರಸ್ತೆಯಿಂದ ಮುಖ ತಿರುಗಿಸಿದ.

"ಅಡೀಂದ ತೆಗೆದ್ರೆ ಮೇಲಿಂದು ಬೀಳ್ತದೆ ಸಾರ್."

"ಇದು ಬೀಳುವುದಿಲ್ಲ ಮಾರಾಯ. ಇದು ಲೆಕ್ಕ."

"ಲೋಡ್ ಅಂದ್ರೆ ಲೋಡೇ. ನಾನು ದಿನಾ ಮಾಡ್ತೀನಲ್ವಾ."

ಬೀಳುವುದಿಲ್ಲ ಎಂದು ತೋರಿಸಲು ಅಡಿಯಿಂದ ಶುರು ಮಾಡಿದೆ. ಮಾತಿನ ಬಿಸಿಯಲ್ಲಿ ಒಂದು ಕಡೆ ಮೈನಸ್ ಹಾಕಿಬಿಟ್ಟಿದ್ದೆ. ಮೇಲಕ್ಕೆ ಬರುವಷ್ಟರಲ್ಲಿ ಛೇದ ಸೊನ್ನೆಯಾಗಿ ಲೆಕ್ಕ ಪೂರ್ತಿ ಕೆಟ್ಟು ಕೂತಿತು. ಸೊನ್ನೆಯಿಂದ ಭಾಗಿಸುವ ಹಾಗಿಲ್ಲ.

ಅವನು ಎದ್ದು ಅಂಗಳದಲ್ಲಿ ಎಲೆ ಅಡಿಕೆ ಉಗಿದು ಬಂದು ಕೂತ. "ಹಗ್ಗ ಕಟ್ಟಿದ್ರಾ ಸಾರ್?" ಎಂದ.

ಒಂಟಿ

ಮರುಪರೀಕ್ಷೆಯ ದಿನ ಬಂತು. ಪರೀಕ್ಷೆ ಬರೆಯುವವಳು ಅವಳು, ಎಲ್ಲರಿಗಿಂತ ಮೊದಲು ಗೇಟಿಗೆ ಹೋಗಿ ನಿಂತವನು ನಾನು. ಕೊಪ್ಪದಲ್ಲೇ ಸೆಂಟರ್. ಗೇಟಿನ ಎದುರಿನ ಅಂಗಡಿಯಲ್ಲಿ ಅವಳ ಗಂಡನೂ ನಾನೂ ಚಹಾ ಮೇಲೆ ಚಹಾ ಕುಡಿಯುತ್ತಾ ಕೂತೆವು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಲು ಇದೇ ಕೊನೆಯ ಅವಕಾಶ. ಇದು ತಪ್ಪಿದರೆ ಅವಳಿಗೆ ಮತ್ತೆ ಅದೇ ಬಿಸಿಲು, ಅದೇ ಬಗ್ಗುವ ಕೆಲಸ. ಗಂಡನ ಬಾಯಿಗೆ ಅಂದು ಎಲೆ ಅಡಿಕೆಯೂ ಸೇರಲಿಲ್ಲ.

ಅವಳು ನಗುತ್ತಲೇ ಹೊರಗೆ ಬಂದಳು.

"ಮಾಳಿಗೆ ಲೆಕ್ಕ ಬಂದಿತ್ತು ಸಾರ್."

"ಮಾಡಿದೆಯಾ?"

"ಮಾಡ್ದೆ. ಮೇಲೆ ಒಂದು ಪ್ಲಸ್ ಎಕ್ಸ್ ಮೈನಸ್ ಒಂದನೇ ಒಂದು. ಲಸಾಅ ತೆಗ್ದೆ. ಎಕ್ಸ್ ಮೈನಸ್ ಒಂದನೇ ಎಕ್ಸ್ ಆತು. ಕೆಳಗೂ ಅದೇ ಇತ್ತು. ಕೆಳಗಿಂದನ್ನ ತಲೆಕೆಳಗು ಮಾಡಿ ಗುಣಿಸ್ದೆ. ನಡುವೆ ಪ್ಲಸ್ ಇರ್ಲಿಲ್ಲ, ಹಂಗಾಗಿ ಎಲ್ಲಾ ಹೊಡೆದಾಕ್ದೆ. ಒಂದು ಬಂತು."

ನನ್ನ ಕಣ್ಣಲ್ಲಿ ನೀರೇ ಬಂತು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. "ಭೇಷ್, ಒಂದೇ ಸರಿ ಉತ್ತರ" ಎಂದೆ.

ಅವಳ ನಗು ಸ್ವಲ್ಪ ಇಳಿಯಿತು. "ಒಂದೇನಾ?"

"ಯಾಕೆ? ನೀನೇ ಹೇಳಿದೆಯಲ್ಲ?"

"ಬಂದಿದ್ದು ಒಂದೇ ಸಾರ್. ಬರೆದಿದ್ದು ಎರಡು."

ನಾನು ಮತ್ತೆ ಅಂಗಡಿಯ ಬೆಂಚಿನ ಮೇಲೆ ಕೂತೆ.

"ಅಷ್ಟು ದೊಡ್ಡ ಲೆಕ್ಕ ಕೊಟ್ಟಿದಾರೆ. ಒಂದು ಪುಟ ಪೂರ್ತಿ ಆಗಿತ್ತು. ಕೊನೆಗೆ ಒಂಟಿ ಒಂದು ಕೊಟ್ಟು ಕಳಿಸದು ಹೆಂಗೆ? ಮನೆಗೆ ಬಂದವರಿಗೆ ದೋಸೆನೇ ಒಂದು ಹಾಕಲ್ಲ ನಾವು, ಬ್ಯಾಡ ಅಂದ್ರೂ ಇನ್ನೊಂದು ಹಾಕ್ತೀವಿ. ನೋಡೋರು ಎಂತ ಅಂದ್ಕೋತಾರೆ ಅನ್ನಿಸ್ತು. ಅದ್ಕೇ ಎರಡು ಮಾಡ್ದೆ."

ಗಂಡ ಗಂಭೀರವಾಗಿ ತಲೆಯಾಡಿಸಿದ. "ಒಂದು ಹಾಕಬಾರದು ಸಾರ್" ಎಂದ.

ಫಲಿತಾಂಶ ಬರುವವರೆಗೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ಎರಡು ಎಂಬ ಅಂಕಿ ಕಣ್ಣ ಮುಂದೆ ನಿಂತಿರುತ್ತಿತ್ತು. ಫಲಿತಾಂಶದ ದಿನ ಗಂಡ ಹೆಂಡತಿ ಇಬ್ಬರೂ ಜಗಲಿಗೆ ಬಂದು ಮೊಬೈಲನ್ನು ನನ್ನ ಕೈಗಿಟ್ಟರು. ನೋಡಿದೆ. ಪಾಸಾಗಲು ಬೇಕಾದ್ದು ಮೂವತ್ತೈದು. ಅವಳಿಗೆ ಬಂದದ್ದೂ ಮೂವತ್ತೈದು. ಹೆಜ್ಜೆಗಳಿಗೆಲ್ಲ ಅಂಕ ಕೊಟ್ಟು, ಉತ್ತರಕ್ಕೆ ಮಾತ್ರ ಕೊಟ್ಟಿರಲಿಕ್ಕಿಲ್ಲ.

ಎದೆಯ ಮೇಲಿನ ಭಾರ ಇಳಿಯಿತು. ಇಳಿದ ಕೂಡಲೇ ಮೇಷ್ಟ್ರು ಬುದ್ಧಿ ಎದ್ದಿತು. "ಎಂಥ ಗಂಡಾಂತರ ನೋಡಮ್ಮ. ಬಂದದ್ದನ್ನೇ ಬರೆದಿದ್ದರೆ ಮೂವತ್ತಾರು ಸಿಗುತ್ತಿತ್ತು" ಎಂದೆ.

ಅವಳು ಮೊಬೈಲನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ಮೂವತ್ತಾರು ತಗೊಂಡು ಎಂತ ಮಾಡದು ಸಾರ್? ಅವರು ಕೇಳಿದ್ದೇ ಮೂವತ್ತೈದು."