ಬೀಗರಿಗೆ ಬೇಯಿಸಿದ ಕೀಶ್

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬಂದರೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಕಳಿಸುವುದು ಕಲ್ಪನಾಶಕ್ತಿ ಇಲ್ಲದವರ ಕೆಲಸ. ಜೀವಮಾನವಿಡೀ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ, ಅದರಲ್ಲೇ ಡಾಕ್ಟರೇಟ್ ಪಡೆದು ನಿವೃತ್ತಳಾದ ನಾನು ಅಂಥದ್ದನ್ನು ಮಾಡುವವಳಲ್ಲ. ನನ್ನ ಮಗ ಯತೀಶನಿಗೆ ನೋಡಿದ ಹುಡುಗಿಯ ಮನೆಯವರು, ಅಂದರೆ ನಮ್ಮ ಭಾವೀ ಬೀಗರು, ಭಾನುವಾರ ಸೊರಬದಿಂದ ಶಿಕಾರಿಪುರದ ನಮ್ಮ ಮನೆಗೆ ಬರುತ್ತಾರೆಂದು ತಿಳಿದ ಕೂಡಲೇ ಘೋಷಿಸಿಬಿಟ್ಟೆ: "ನಾನು ಕೀಶ್ ಮಾಡುತ್ತೇನೆ!"

ನಮ್ಮ ಯಜಮಾನರು ಪಂಚಾಕ್ಷರಪ್ಪನವರು ಪೇಪರ್ ಕೆಳಗಿಳಿಸಿದರು. "ಯಾರನ್ನ ಮಾಡ್ತೀಯ?"

"ಕೀಶ್ ರೀ. ಫ್ರಾನ್ಸ್ ದೇಶದ ತಿಂಡಿ. ತರಕಾರಿ ಹಾಕಿ ಓವನ್ನಿನಲ್ಲಿ ಬೇಯಿಸೋದು. ತಳಕ್ಕೆ ಮೈದಾ ಹಾಳೆ ಹಾಸೋದೂ ಬೇಡ. ಬಹಳ ಸುಲಭ."

"ನೀನು ಸುಲಭ ಅಂದ್ರೇನೇ ನಂಗೆ ಎದೆ ಡವಗುಟ್ಟುತ್ತೆ ಕಣೆ. ಒಳಗೇನಿರುತ್ತೆ?"

"ಮೊಟ್ಟೆ."

ಪೇಪರ್ ನೆಲಕ್ಕೆ ಬಿತ್ತು. "ಶಿವಶಿವಾ! ಆ ಹುಡುಗಿ ಅಜ್ಜಿ ಹಾಲಮ್ಮನೂ ಬರ್ತಾ ಇದಾರೆ! ಲಿಂಗಪೂಜೆ ಆಗ್ದೆ ನೀರೂ ಮುಟ್ಟದ ಹೆಂಗಸು! ಈ ಸಂಬಂಧನೂ ಮುರೀಬೇಕು ಅಂತಿದೀಯಾ?"

ಅವರ ಆತಂಕ ನ್ಯಾಯವಾದದ್ದೇ. ಯತೀಶನಿಗೆ ಹೆಣ್ಣು ನೋಡಿ ನೋಡಿ ನಮ್ಮ ಕಾರಿನ ಟೈರುಗಳು ಸವೆದಿದ್ದವು. ಈಗ ಅವನೂ ಈ ಹುಡುಗಿ ಗಂಗಾಶ್ರೀಯೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಉಳಿದದ್ದು ಹಾಲಮ್ಮನವರ ಒಪ್ಪಿಗೆಯೊಂದೇ.

"ಮೊಟ್ಟೆ ನಮ್ಮ ಹೊಸಿಲು ದಾಟುವುದಿಲ್ಲ," ಎಂದೆ ಗಂಭೀರವಾಗಿ. "ಮೊಟ್ಟೆಯ ಬದಲು ಕಡಲೆಹಿಟ್ಟು, ಮೊಸರು. ವಿಜ್ಞಾನ ಇರುವುದೇ ಅದಕ್ಕೆ!"

ಇಷ್ಟಕ್ಕೆ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪ್ರಯೋಗವೆಂದ ಮೇಲೆ ಫಲಿತಾಂಶ ಅಸಲಿನಂತೆಯೇ ಇರಬೇಕು. ಮೊಟ್ಟೆಯ ಕೀಶ್‌ಗೆ ಮೊಟ್ಟೆಯ ವಾಸನೆ ಇರಬೇಕಷ್ಟೆ? ಅದಕ್ಕೆ ಪಾನಿಪೂರಿಯವರು ಬಳಸುವ ಕಪ್ಪು ಉಪ್ಪು ಸಾಕೆಂದು ಓದಿದ್ದೆ. ಅದರಲ್ಲಿರುವುದು ಗಂಧಕ. ಒಂದು ಚಿಟಿಕೆ ಎಂದು ಬರೆದಿದ್ದರು. ಚಿಟಿಕೆಯೂ ಒಂದು ಅಳತೆಯೇ? ನಾನು ಚಮಚದಲ್ಲಿ ಹಾಕಿದೆ. ಧಾರಾಳವಾಗಿ! ನಮ್ಮ ಮನೆಯಲ್ಲಿ ಯಾರೂ ಮೊಟ್ಟೆ ಮೂಸಿಯೂ ನೋಡಿದವರಲ್ಲ, ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂದು ಹೇಳುವವರೂ ಇರಲಿಲ್ಲ.

ಓವನ್ ಬಿಸಿಯಾಯಿತು. ಈರುಳ್ಳಿ, ಕ್ಯಾರೆಟ್, ಬೀನ್ಸ್, ದೊಣ್ಣೆಮೆಣಸಿನಕಾಯಿಗಳ ನಡುವೆ ಹಿಟ್ಟು ಬಂಗಾರದ ಬಣ್ಣಕ್ಕೆ ತಿರುಗಿತು. ನಾನು ಗಾಜಿನ ಮುಂದೆ ನಿಂತು ಹಿಗ್ಗಿದೆ. ಅಷ್ಟರಲ್ಲಿ ಯತೀಶ ಅರ್ಧ ಗಡ್ಡ ಬೋಳಿಸಿಕೊಂಡು ಓಡಿಬಂದ.

"ಅಮ್ಮಾ, ಗ್ಯಾಸ್ ಲೀಕ್ ಆಗ್ತಿದೆ!"

ಯಜಮಾನರು ಸಿಲಿಂಡರ್ ಬಂದ್ ಮಾಡಿ ಕಿಟಕಿಗಳನ್ನೆಲ್ಲ ತೆರೆದರು. ತೆರೆದ ಕಿಟಕಿಯಿಂದ ಪಕ್ಕದ ಮನೆಯ ರಾಜೇಶ್ವರಮ್ಮನ ದನಿ ಬಂತು: "ಮೇಡಂ, ನಿಮ್ ಚರಂಡಿ ಕಟ್ಕಂಡೈತೇನ್ರೀ?"

ಬಿಸಿಗೆ ಗಂಧಕದ ಅನಿಲ ಹಾರಿ ಕೋಣೆ ತುಂಬುತ್ತದೆಂದು ಎಷ್ಟು ಬ್ಯಾಚುಗಳಿಗೆ ಪಾಠ ಹೇಳಿದ್ದೆನೋ! ಊದುಬತ್ತಿ ಹಚ್ಚಿದೆ. ಸಾಂಬ್ರಾಣಿ ಹಾಕಿದೆ. ಈಗ ಮನೆ, ದೇವಸ್ಥಾನದೊಳಗೆ ಚರಂಡಿ ಒಡೆದಂತಾಯಿತು. ಹೊರಗೆ ಕಾರಿನ ಹಾರನ್!

ಗಂಗಾಶ್ರೀಯ ತಂದೆ ಸದಾಶಿವಪ್ಪ, ತಾಯಿ ವರದಮ್ಮ, ಅಜ್ಜಿ ಹಾಲಮ್ಮ ಒಳಬಂದು ಕುಳಿತರು. ಸದಾಶಿವಪ್ಪನವರ ಮೂಗು ಮಾತ್ರ ಕೂರಲಿಲ್ಲ. ನಾನು ಎದೆ ಗಟ್ಟಿ ಮಾಡಿ ತಟ್ಟೆ ಇಟ್ಟೆ. ಅವರು ತುಂಡನ್ನೆತ್ತಿ ಮೂಸಿ, ಕೆಳಗಿಟ್ಟು, ಎದ್ದೇ ನಿಂತರು.

"ಬೇಜಾರ್ ಮಾಡ್ಕಾಬೇಡಿ ಮೇಡಂ. ಇದ್ರಾಗೆ ಮೊಟ್ಟೆ ಐತೆ."

"ಖಂಡಿತ ಇಲ್ಲ! ಕಡಲೆಹಿಟ್ಟು, ಮೊಸರು, ತರಕಾರಿ, ಅಷ್ಟೇ."

"ನನ್ನ ಹತ್ರ ನಡೆಯಲ್ರೀ ಇದು! ಇದು ಮೊಟ್ಟೆ ವಾಸನೆನೇ. ಅದೂ ಬೇಯ್ಸಿದ್ದು! ಬಿಸಿಬಿಸಿ ಸಿಪ್ಪೆ ಸುಲಿದು, ನಡುಮಧ್ಯೆ ಸೀಳಿ, ಮೇಲೆ ಖಾರದಪುಡಿ ಉದುರಿಸಿ ಕೊಡ್ತಾರಲ್ಲ, ಥೇಟ್ ಹಂಗೇ!"

ವರದಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಯಾರು ಕೊಡ್ತಾರೆ?"

"ಯಾರೂ ಅಂದ್ರೆ... ಜನ."

"ಯಾವ ಜನ? ಬಸ್‌ಸ್ಟ್ಯಾಂಡ್ ಹತ್ರ ಗಾಡಿ ಹಾಕ್ಕೊಂಡಿರೋ ಜನಾನಾ? ಸಂಜೆ ವಾಕಿಂಗು ವಾಕಿಂಗು ಅಂತ ಮಳೆ ಬಂದ್ರೂ ಕೊಡೆ ಹಿಡ್ಕಂಡು ಓಡ್ತಿದ್ರಲ್ಲ, ಇದಕ್ಕೇನಾ?"

"ಡಾಕ್ಟ್ರು ಪ್ರೋಟೀನ್ ಕಮ್ಮಿ ಐತೆ ಅಂದಿದ್ರು ಕಣೇ..."

"ಮನೇಗೆ ಬನ್ನಿ. ಪ್ರೋಟೀನ್ ಕೊಡ್ತೀನಿ!"

ಸದಾಶಿವಪ್ಪ ಕುಸಿದು ಕೂತರು. "ಮೊಟ್ಟೆ ಇರ್ಲಿಕ್ಕಿಲ್ಲ ಬಿಡ್ರಿ. ನಂಗೆ ಅದರ ವಾಸನೆ ಎಲ್ಲಿ ಗೊತ್ತಾಗ್ಬೇಕು," ಎಂದು ನೆಲಕ್ಕೆ ಹೇಳಿದರು.

ಅವರು ಬಿಟ್ಟರೂ ನಾನು ಬಿಡುವವಳೇ? ಕಪ್ಪು ಉಪ್ಪಿನ ಪ್ಯಾಕೆಟ್ ಹಿಡಿದು ಬಂದು ಗಂಧಕದ ಗುಣಧರ್ಮಗಳನ್ನು ವಿವರಿಸಲು ಶುರುಮಾಡಿದೆ. ಯತೀಶ ತಲೆ ಮೇಲೆ ಕೈ ಹೊತ್ತ. ಗಂಧಕದ ಸಂಯುಕ್ತಗಳಿಗೆ ಬರುವ ಹೊತ್ತಿಗೆ ಹಾಲಮ್ಮ ಕೈ ಎತ್ತಿದರು. ಎಲ್ಲರೂ ಜಗಳದಲ್ಲಿದ್ದಾಗ ಆಕೆ ಸದ್ದಿಲ್ಲದೆ ತಟ್ಟೆ ಖಾಲಿ ಮಾಡಿದ್ದರು!

"ಪಾಠ ಸಾಕು ಮಾಡವ್ವ. ಇದು ಜುಣಕದ ವಡಿ ಅಲ್ಲೇನು?"

"ಅಲ್ಲ. ಇದು ಫ್ರಾನ್ಸಿನ..."

"ಕಡ್ಲೆಹಿಟ್ಟು ಐತೆ. ಈರುಳ್ಳಿ ಐತೆ. ಗಟ್ಟಿ ಮಾಡಿ, ತಟ್ಟೇಲಿ ಕೊಯ್ದು ಇಟ್ಟಿದೀಯ. ನಮ್ಮ ತೌರುಮನೇಲಿ ರೊಟ್ಟಿ ಜೊತೆ ಬುತ್ತಿ ಕಟ್ಟೋರು. ಜುಣಕದ ವಡಿ ನಂಗೊತ್ತಿಲ್ವಾ?"

ನಾನು ಬಾಯಿ ತೆರೆದೆ. ಆಕೆಯ ಬೆನ್ನ ಹಿಂದೆ ಯತೀಶ ಎರಡೂ ಕೈ ಜೋಡಿಸಿ ನಿಂತಿದ್ದ. ಅವನ ಪಕ್ಕದಲ್ಲಿ ಅವನಪ್ಪನೂ ಕೈ ಜೋಡಿಸಿದ್ದರು! ಪಿಎಚ್‌ಡಿ ಸಂದರ್ಶನದಲ್ಲೂ ಪರೀಕ್ಷಕರಿಗೆ ಸೋಲದ ನಾನು ಗಂಟಲು ಸರಿಮಾಡಿಕೊಂಡು, "ಹೌದಮ್ಮ, ಜುಣಕದ ವಡಿಯೇ," ಎಂದೆ. ಫ್ರಾನ್ಸ್ ದೇಶ ಸೊರಬಕ್ಕೆ ಶರಣಾಯಿತು.

ಹಾಲಮ್ಮನ ಮುಖ ಅರಳಿತು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಉಪ್ಪು ಜಾಸ್ತಿ ಆಗೈತೆ. ವಾಸನೆ ಅಂತೂ ಶಿವನಿಗೇ ಪ್ರೀತಿ. ಇರ್ಲಿ, ಓದೋದ್ರಲ್ಲಿ ಅಡುಗೆ ಕಲಿಯಾಕೆ ಪುರುಸೊತ್ತು ಆಗಿಲ್ಲ ಪಾಪ. ಬೇಗ ಒಂದು ಒಳ್ಳೆ ದಿನ ನೋಡ್ಸಿ ಲಗ್ನ ಇಟ್ಕಳ್ಳಿ ತಾಯಿ. ನಮ್ಮ ಗಂಗಾಶ್ರೀ ಬಂದು ನಿಂಗೆ ಎಲ್ಲಾ ಕಲಿಸಿಕೊಡ್ತಾಳೆ."