ಹತ್ತಿಬೀಜದ ವಿಷ ಇಳಿಸಿದ್ದು

ವಿಜ್ಞಾನಿಗಳ ನಡುವೆ ನಗು ಹುಟ್ಟುವುದಿಲ್ಲ ಎನ್ನುವವರು ಗಿಂಡಿ ಬಡಾವಣೆಯ ನಮ್ಮ ಲ್ಯಾಬಿಗೆ ಬಂದು ಒಂದು ವಾರ ಕೂರಬೇಕು. ನಮ್ಮ ಕೆಲಸ ಇಷ್ಟೇ. ಹತ್ತಿಬೀಜದಲ್ಲಿ ಪೌಷ್ಟಿಕಾಂಶ ಬೇಕಾದಷ್ಟಿದೆ, ಜೊತೆಗೆ ವಿಷವೂ ಇದೆ. ಜೀನ್ ಕತ್ತರಿ ಎಂಬ ಹೊಸ ಉಪಾಯದಿಂದ ಆ ವಿಷ ಹುಟ್ಟಿಸುವ ಜೀನನ್ನು ಕೆಡಿಸಿ, ತಿನ್ನಬಹುದಾದ ಬೀಜ ಬೆಳೆಸಬೇಕು. ನಾಲ್ಕು ವರ್ಷ ಒದ್ದಾಡಿದೆವು, ಕೊನೆಗೆ ಗೆದ್ದೆವು. ಗೆದ್ದ ಬಗೆಯನ್ನು ಮಾತ್ರ ಯಾವ ಪತ್ರಿಕೆಯೂ ಅಚ್ಚು ಹಾಕಲಾರದು.

೧. ರಾಹುಕಾಲ

ಜೀನ್ ತಿದ್ದಿದ ಹತ್ತಿಗಿಡದ ಚೂರನ್ನು ಬಾಟಲಿಯಲ್ಲಿಟ್ಟು ಸಸಿ ಎಬ್ಬಿಸುವುದು ಹಟಮಾರಿ ಮಗುವಿಗೆ ಊಟ ಮಾಡಿಸಿದಂತೆ. ತಿರುವೊಟ್ಟಿಯೂರಿನಿಂದ ಬರುವ ನಮ್ಮ ಹಿರಿಯ ಅಟೆಂಡರ್, ರಾಹುಕಾಲದಲ್ಲಿ ಬಾಟಲಿಯ ಮುಚ್ಚಳ ತೆಗೆಯಬೇಡಿ ಎಂದು ಕೇಳಿಕೊಂಡರು. ಮುಖ್ಯಸ್ಥೆ ಮೇಡಂ ಇಂಥದ್ದನ್ನೆಲ್ಲ ನಂಬುವವರಲ್ಲ. ಬೇಕೆಂದೇ ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದು ತೆಗೆದರು. ಎಲ್ಲ ಬಾಟಲಿಗೂ ಬೂಷ್ಟು ಹಿಡಿಯಿತು. ಕಾರಣ ಏಸಿಯ ಫಿಲ್ಟರು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಆದರೆ ಲ್ಯಾಬಿನ ಕ್ಯಾಲೆಂಡರಿನಲ್ಲಿ ದಿನದಿನದ ರಾಹುಕಾಲ ಪೆನ್ಸಿಲಿನಲ್ಲಿ ಬರೆದಿದೆ, ಅಕ್ಷರ ಮೇಡಂದು.

೨. ಬತ್ತಿ

ಮೊದಲ ಕಾಯಿ ಬಿರಿದ ದಿನ ವೆಸ್ಟ್ ಮಾಂಬಲಂನ ಮನೆಗೆ ಓಡಿ ಅಮ್ಮನಿಗೆ ಹೇಳಿದೆ. ದೇವರ ಬತ್ತಿಗೆ ಒಂದು ಹಿಡಿ ಹತ್ತಿ ತಾ ಎಂದರು. ತಿದ್ದಿದ ಗಿಡದ್ದು ಒಂದು ಎಳೆಯೂ ಹೊರಗೆ ಬರುವಂತಿಲ್ಲ, ಮಿಕ್ಕಿದ್ದನ್ನೆಲ್ಲ ಅಲ್ಲೇ ಸುಡಬೇಕೆಂಬ ನಿಯಮವಿದೆ ಎಂದು ವಿವರಿಸಿದೆ.

ಅಮ್ಮ ತಣ್ಣಗೆ ಕೇಳಿದರು: "ನಾನು ಮಾತ್ರ ಇನ್ನೇನು ಮಾಡ್ತೀನೋ? ತುಪ್ಪ ಹಾಕಿ ಸುಡ್ತೀನಿ, ಅಷ್ಟೇ."

೩. ಆಯುಧಪೂಜೆ

ವಿಜಯದಶಮಿಯ ಮಾರನೆಯ ದಿನ ಪರಿಶೀಲಕರು ಬರುವವರಿದ್ದರು. ಯೋಜನೆ ಉಳಿಯುತ್ತದೋ ಮುಚ್ಚುತ್ತದೋ ಅಂದೇ ತೀರ್ಮಾನ. ಒಂದು ತಟ್ಟೆಯಲ್ಲಿ ತಿದ್ದಿದ ಬೀಜ, ಇನ್ನೊಂದರಲ್ಲಿ ಮಾಮೂಲಿ ಬೀಜ, ಮುಚ್ಚಳದ ಮೇಲೆ ಹೆಸರು ಬರೆದಿಟ್ಟಿದ್ದೆವು. ಆಯುಧಪೂಜೆಗೆ ಅಟೆಂಡರ್ ಭಕ್ತಿಯಿಂದ ಮುಚ್ಚಳಗಳನ್ನು ಫಳಫಳ ಉಜ್ಜಿ ಹೆಸರು ಅಳಿಸಿ, ಗಂಧ ಕುಂಕುಮ ಹಚ್ಚಿ, ಎರಡೂ ತಟ್ಟೆಯನ್ನು ಸೂಕ್ಷ್ಮದರ್ಶಕದ ಪಕ್ಕ ದೇವರ ಮುಂದೆ ತೆರೆದಿಟ್ಟಿದ್ದರು.

ರಜೆ ಮುಗಿಸಿ ಬಂದು ನೋಡಿದರೆ ಯಾವ ತಟ್ಟೆ ಯಾವುದೆಂಬ ಗುರುತೇ ಇಲ್ಲ. ಒಂದು ತಟ್ಟೆಯಲ್ಲಿ ಅರ್ಧ ಬೀಜ ಇಲಿಯ ಪಾಲಾಗಿ ಸಿಪ್ಪೆ ಉಳಿದಿತ್ತು. ಅಮ್ಮನ ಬತ್ತಿಗೆ ಎಳೆ ಕೊಡದ ನಿಯಮ ಇಲಿಗೆ ಯಾರು ಹೇಳಬೇಕು? ಇನ್ನೊಂದು ತಟ್ಟೆಯನ್ನು ಅದು ಮೂಸಿಯೂ ಇರಲಿಲ್ಲ.

ಮೇಡಂ ಎರಡರಿಂದಲೂ ಒಂದೊಂದು ಬೀಜ ಸೀಳಿದರು. ಇಲಿ ಬಿಟ್ಟ ಬೀಜದೊಳಗೆ ಸಾಸಿವೆ ಎರಚಿದಂತೆ ವಿಷದ ಕಪ್ಪು ಚುಕ್ಕೆಗಳು. ತಿಂದ ತಟ್ಟೆಯದು ಬೆಳ್ಳಗೆ ಬಾದಾಮಿಯ ಹಾಗಿತ್ತು. ನಾನು ಅತ್ತೇಬಿಟ್ಟೆ. ಅಟೆಂಡರ್ ಕೈಮುಗಿದು ಹೇಳಿದರು: "ಪಿಳ್ಳೆಯಾರ್ ವಾಹನಂ ಸಾರ್. ಸುಮ್ಮಾ ವರಾದು." ಗಣಪನ ವಾಹನ ಸುಮ್ಮನೆ ಬಾರದು ಎಂಬುದನ್ನು ಮೇಡಂ ಕೂಡ ಅಲ್ಲಗಳೆಯಲಿಲ್ಲ.

ಹನ್ನೊಂದಕ್ಕೆ ಹಿರಿಯ ಪರಿಶೀಲಕರು ಬಂದರು. ಎಲ್ಲ ಕೇಳಿ, ಬೀಜ ನೋಡಿ, ಕನ್ನಡಕ ಒರೆಸಿಕೊಂಡು ಒಂದೇ ಪ್ರಶ್ನೆ ಹಾಕಿದರು. ತಿಂದ ಇಲಿ ಬದುಕಿದೆ ಎನ್ನುವುದಕ್ಕೆ ಆಧಾರವೇನು?

ಮೇಡಂ ಫೈಲು ತಿರುವತೊಡಗಿದರು. ಅಷ್ಟರಲ್ಲಿ ಬೀರುವಿನ ಹಿಂದಿನಿಂದ ದುಂಡಗೆ ಮೈ ತುಂಬಿಕೊಂಡ ಇಲಿಯೊಂದು ಹೊರಬಂದು, ಪರಿಶೀಲಕರ ಬೂಟಿನ ಮೇಲೆಯೇ ಹಾದು, ಮಿಕ್ಕ ಬೀಜದ ಕಡೆಗೆ ಓಡಿತು.

ನಮ್ಮ ಯೋಜನೆಗೆ ಅವರು ಅಲ್ಲೇ ಒಪ್ಪಿಗೆಯ ಸಹಿ ಹಾಕಿದರು, ಎರಡೂ ಕಾಲು ಕುರ್ಚಿಯ ಮೇಲಿಟ್ಟುಕೊಂಡು.