ಊರಿಗೆ ಹೆಚ್ಚಾದ ಒಂದು ವೋಟು

ನನಗೆ ಕರುಣೆ ಹುಟ್ಟುವುದೇ ತಪ್ಪು ಜಾಗದಲ್ಲಿ. ಡಫಳಾಪುರದ ಸಂತೆಯಲ್ಲಿ ಯಾರೂ ಕೇಳದ ಹುಳುಕು ಬದನೆಕಾಯಿ ಇಟ್ಟುಕೊಂಡು ಕುಳಿತ ಮುದುಕಿಯನ್ನು ಕಂಡರೆ ಸಾಕು, ಚೀಲ ತುಂಬಿಸಿಕೊಂಡು ಬರುತ್ತೇನೆ. "ಸಂತ್ಯಾಗಿನ ಹುಳಾ ಎಲ್ಲಾ ನಮ್ಮ ಮನಿಗೇ ತಂದೀರಲ್ಲ" ಎಂದು ಹೆಂಡತಿ ಬೈಯುತ್ತಾಳೆ. ಬದನೆಕಾಯಿಯ ಹಾನಿ ಒಂದು ಹೊತ್ತಿನ ಊಟಕ್ಕೆ ಮುಗಿಯುತ್ತದೆ. ಪಾರ್ಲಿಮೆಂಟಿನ ಮೊದಲ ಚುನಾವಣೆಯಲ್ಲಿ ಹುಟ್ಟಿದ ಕರುಣೆ ಮಾತ್ರ ಎರಡನೆಯ ಚುನಾವಣೆ ಮುಗಿದರೂ ನನ್ನನ್ನು ಬಿಟ್ಟಿಲ್ಲ.

ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಚೀಟಿಯನ್ನು ಬೇಕಾದವರ ಪೆಟ್ಟಿಗೆಗೆ ಹಾಕಿದರಾಯಿತು. ನಮ್ಮ ಹಳ್ಳಿಯ ಪಾಟೀಲರು ಚಾವಡಿಯಲ್ಲಿ ಎಲ್ಲರನ್ನೂ ಕೂಡಿಸಿ, ಇಡೀ ಊರಿನ ವೋಟು ಒಬ್ಬರಿಗೇ ಎಂದು ಮಾತು ತೆಗೆದುಕೊಂಡಿದ್ದರು. ಶಾಲೆಯ ಮಾಸ್ತರನಾದ ನಾನೇ ಎದ್ದು ನಿಂತು ಒಗ್ಗಟ್ಟಿನ ಮೇಲೆ ಭಾಷಣ ಬಿಗಿದಿದ್ದೆ. ಆದರೆ ವೋಟಿನ ದಿನ ಪರದೆಯ ಹಿಂದೆ ಹೋದಾಗ ಮೂಲೆಯಲ್ಲಿದ್ದ ಒಂದು ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರ ಉಮೇದುವಾರ ಸೈಕಲ್ ಮೇಲೆ ಒಬ್ಬನೇ ಬಂದು, ಯಾರೂ ಕೂರು ಎನ್ನದೆ, ನಮ್ಮ ಬಾವಿಯ ನೀರು ಕುಡಿದು ಹೋಗಿದ್ದ ಬಡಪಾಯಿ. ಕೈ ತಾನೇ ಅತ್ತ ಹೋಯಿತು. ಅಷ್ಟೊಂದು ವೋಟುಗಳಲ್ಲಿ ಇದೊಂದು ಯಾರಿಗೆ ಗೊತ್ತಾದೀತು ಎಂದುಕೊಂಡೆ.

ಗೊತ್ತಾಯಿತು. ಎಣಿಕೆಗೆ ಹೋಗಿದ್ದ ಪಾಟೀಲರ ಅಳಿಯ ಊರೂರಿನ ಫಲಿತಾಂಶ ಬರೆದುಕೊಂಡು ಬಂದ. ಸುತ್ತಲಿನ ಊರುಗಳ ವೋಟು ಹಂಚಿಹೋಗಿದ್ದವು. ನಮ್ಮ ಊರಿನವು ಮಾತ್ರ ಎಲ್ಲ ಒಬ್ಬರಿಗೇ ಬಿದ್ದಿದ್ದವು, ಒಂದನ್ನು ಬಿಟ್ಟು. ಪಾಟೀಲರ ಮುಖ ಕಪ್ಪಿಟ್ಟಿತು. "ಆ ಒಬ್ಬಾವ ಯಾರಂತ ಹುಡುಕ್ರಿ" ಎಂದರು. ಕುರಿ ಕಾಯುವ ಮಾಳಪ್ಪ ಪರದೆಯ ಹಿಂದೆ ಹೊತ್ತು ಮಾಡಿ, ನಗುತ್ತ ಹೊರಬಂದದ್ದು ಯಾರಿಗೋ ನೆನಪಾಯಿತು. "ಪೆಟಿಗಿ ಮ್ಯಾಲಿನ ಚಿತ್ರ ನೋಡಕೋತ ನಿಂತಿದ್ನಿರಿ, ಭಾಳ ಚಲೋ ತಗದಾರ" ಎಂದ ಅವನ ಮಾತನ್ನು ಯಾರೂ ನಂಬಲಿಲ್ಲ. ಪಾಟೀಲರು ನನ್ನ ಕಡೆ ತಿರುಗಿ, "ನೀವ ಹೇಳ್ರಿ ಮಾಸ್ತರ" ಎಂದರು. ನಾನು ಎದ್ದು, ಮತದಾನ ಗುಪ್ತವಾದದ್ದು, ಕೇಳಲೂ ಬಾರದು, ಹೇಳಲೂ ಬಾರದು ಎಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ವಿವರಿಸಿದೆ. ಮಾಸ್ತರು ಚೆನ್ನಾಗಿ ತಿಳಿಸಿ ಹೇಳಿದರು ಎಂದು ಎಲ್ಲರೂ ತಲೆದೂಗಿದರು. ತಪ್ಪು ಮಾಳಪ್ಪನದೇ ಎಂದು ತೀರ್ಮಾನಿಸಿ ಎದ್ದರು.

ಆ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಯಾರೂ ತಮ್ಮ ಹೊಲದಲ್ಲಿ ಅವನ ಕುರಿ ನಿಲ್ಲಿಸಿಕೊಳ್ಳಲಿಲ್ಲ. ಅದಕ್ಕೆ ಸಿಗುವ ಜೋಳವೇ ಅವನ ಮನೆಯ ಹೊಟ್ಟೆಪಾಡು. ನನ್ನದೂ ಎರಡೆಕರೆ ಹೊಲವಿತ್ತು. ಕರೆದರೆ ಜನಕ್ಕೆ ಸಂಶಯ ಬಂದೀತೆಂದು ನಾನೂ ಕರೆಯಲಿಲ್ಲ. ಇದನ್ನು ಬರೆಯುವಾಗಲೂ ತಲೆ ತಗ್ಗುತ್ತದೆ. ಕೊನೆಗೆ ಅವನು ಸನಮಡಿಯ ಕಡೆ ಕುರಿ ಹೊಡೆದುಕೊಂಡು ಹೊರಟ. ಹೋಗುವ ದಾರಿಯಲ್ಲಿ ಶಾಲೆಯ ಬಾಗಿಲಿಗೆ ಬಂದು ನಿಂತ.

"ಮಾಸ್ತರ, ಆ ವೋಟ ಹಾಕಿದಾವ ಯಾರಂತ ನಿಮಗ ಗೊತ್ತಾದ್ರ ಒಂದ ಮಾತ ಹೇಳ್ರಿ. ಊರವ್ರು ಇನ್ನಾ ಸಿಟ್ಟಿನ್ಯಾಗ ಅದಾರ. ನಂದೇನ್ರಿ, ಕುರಿ ಅದಾವ, ಎಲ್ಲೆರೆ ಹೋಗಿ ಬದುಕ್ತೀನಿ. ಅವ ಮಾತ್ರ ಬಾಯಿ ಬಿಡೂದು ಬ್ಯಾಡ."

"ಆಗಲಿ, ಹೇಳ್ತೀನಿ" ಎಂದೆ.

ಹೇಳಿದೆ. ಆ ಮನುಷ್ಯ ಇವತ್ತಿನವರೆಗೂ ಮಾಳಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದಾನೆ.